ಎಂಜಿನ್ನಿನ ಒಳಗೆ ಬಡಿಯುತ್ತಿದ್ದವರು ಯಾರು?

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಗದಗ ಸೀಮೆಯ ಹಳ್ಳಿಯೊಂದರಲ್ಲಿ, ಕಡಲೆ ಹೊಲದ ದಾರಿಗೆ ಹತ್ತಿಕೊಂಡ ಅಂಗಳದಲ್ಲಿ ಹೊಸ ಟ್ರ್ಯಾಕ್ಟರ್ ನಿಂತಿತ್ತು. ಬಾನೆಟ್ಟಿಗೆ ಹಚ್ಚಿದ ಕುಂಕುಮ ಮಾಸಿರಲಿಲ್ಲ, ಸೀಟಿನ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ. ಮೀಟರ್ ತೋರಿಸುತ್ತಿದ್ದುದು 38 ಗಂಟೆ. ಕೀಲಿ ತಿರುವಿದ ಕೂಡಲೇ ಎಂಜಿನ್ ಎದ್ದಿತು. ಎದ್ದದ್ದೇ ತಡ, ಕುಲುಮೆಯಲ್ಲಿ ಸಣ್ಣ ಸುತ್ತಿಗೆ ಬಿದ್ದ ಹಾಗೆ ಟಣ್ ಟಣ್ ಟಣ್ ಎಂದು ಬಡಿಯತೊಡಗಿತು.

ಒಂದು ಜೋಡಿ ಎತ್ತು ಮಾರಿ, ಉಳಿದದ್ದಕ್ಕೆ ಬ್ಯಾಂಕಿನ ಸಾಲ ಎತ್ತಿ ಗಾಡಿ ತಂದಿದ್ದ ಗೌಡರಿಗೆ ಆ ಬಡಿತ ಎದೆಗೇ ಬೀಳುತ್ತಿತ್ತು. ಷೋರೂಮಿನಿಂದ ಬಂದಿದ್ದ ವಯಸ್ಸಾದ ಮಿಸ್ತ್ರಿಯ ಮುಂದೆ ನಿಂತು ಗೋಳು ತೋಡಿಕೊಂಡರು. "ಒಳಗ ಏನೋ ಮುರದೈತಿ ನೋಡೋ ಮಿಸ್ತ್ರಿ. ಹೊಸಾ ಗಾಡಿ, ಹಿಂಗ ಬಡಕೊಳ್ಳಾಕತ್ತೈತಿ."

ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ಎಂಜಿನ್ನಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ.

"ತಡೀರಿ ಗೌಡ್ರ," ಎಂದ. "ಬಡ್ಯಾಕತ್ತಿದ್ದು ಕಬ್ಬಣನೋ ಬೆಂಕಿನೋ, ಮೊದ್ಲ ಅದನ್ನ ಕೇಳೂಣು."

ಮಿಸ್ತ್ರಿಯ ಬಾಯಲ್ಲಿ ಅದು ದಿನನಿತ್ಯದ ಮಾತು. ಆದರೆ ಎಂಜಿನ್ನಿನ ಒಳಗೆ ಬೆಂಕಿಯೂ ಬಡಿಯಬಲ್ಲದು ಎಂದು ಜಗತ್ತಿಗೆ ಗೊತ್ತಾಗಲು ಬಹಳ ಹೆಣಗಬೇಕಾಯಿತು. ಆ ಹೆಣಗಾಟದ ಬಹುಪಾಲು ನಡೆದದ್ದು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ. ಅಲ್ಲಿಯೂ ಮೊದಲು ಗೋಳಾಡಿದವರಲ್ಲಿ ರೈತರಿದ್ದರು.

ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಇದ್ದ. ಒಕ್ಕಲು ಮನೆಯ ಹುಡುಗ. ಮೋಟಾರು ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿ ಎಬ್ಬಿಸಬೇಕಾಗಿದ್ದ ಕಾಲವದು. ಹ್ಯಾಂಡಲ್ ತಿರುಗಿ ಒದೆದರೆ ಕೈ ಮುರಿಯುತ್ತಿತ್ತು. ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರ್ ಮಾಡಿದ, ಮರುವರ್ಷದ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಬ್ಯಾಟರಿಯಿಂದ ಕಿಡಿ ಹಾರಿಸುವ ಅವನ ಇಗ್ನಿಷನ್ನೂ ಆ ಕಾರುಗಳಲ್ಲಿತ್ತು. ಅದೇ ಹೊತ್ತಿನಲ್ಲಿ ಕಾರುಗಳ ಎಂಜಿನ್ನುಗಳು ದೊಡ್ಡವಾಗುತ್ತಿದ್ದವು, ಗಾಳಿಯನ್ನು ಹೆಚ್ಚು ಹೆಚ್ಚು ಒತ್ತುತ್ತಿದ್ದವು. ದಿಬ್ಬ ಹತ್ತುವಾಗ ಅವುಗಳ ಒಳಗಿನಿಂದ ಲೋಹ ಬಡಿದ ಸದ್ದು ಬರತೊಡಗಿತು. ಪ್ರತಿಸ್ಪರ್ಧಿಗಳಿಗೆ ಅಷ್ಟೇ ಸಾಕಾಯಿತು. ಇದೆಲ್ಲ ಕೆಟರಿಂಗನ ಬ್ಯಾಟರಿಯ ಕಿತಾಪತಿ ಎಂದು ಬೆರಳು ತೋರಿಸಿದರು.

ಅವನಿಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಹಳ್ಳಿಗಳಿಂದ. ಊರಿಗೆ ವಿದ್ಯುತ್ ತಂತಿ ಬಾರದ ರೈತರಿಗೆಂದು ಅವನ ಕಂಪನಿ ಡೆಲ್ಕೊ-ಲೈಟ್ ಎಂಬ ಸಣ್ಣ ಎಂಜಿನ್ ತಯಾರಿಸುತ್ತಿತ್ತು. ಕೊಟ್ಟಿಗೆಯ ಮೂಲೆಯಲ್ಲಿಟ್ಟು ಓಡಿಸಿದರೆ ಬ್ಯಾಟರಿ ತುಂಬಿಕೊಂಡು ಮನೆಗೆ ದೀಪ ಕೊಡುವ ಯಂತ್ರ. ರೈತರ ಮನೆಯಲ್ಲಿ ಹೇಗೂ ಸೀಮೆಎಣ್ಣೆ ಇರುತ್ತಿತ್ತು, ಪೆಟ್ರೋಲಿನಷ್ಟು ಬೆಂಕಿಯ ಭಯವೂ ಅದಕ್ಕಿರಲಿಲ್ಲ. ಹಾಗಾಗಿ ಎಂಜಿನ್ನಿಗೆ ಅದನ್ನೇ ಕುಡಿಸುವುದು ಎಂದಾಯಿತು. ಸೀಮೆಎಣ್ಣೆ ಕುಡಿದ ಎಂಜಿನ್ ಕಾರಿಗಿಂತ ಜೋರಾಗಿ ಬಡಿದುಕೊಂಡಿತು.

ಬಡಿತ ಕೇಳಿದವರೆಲ್ಲ ತಮಗೆ ತೋಚಿದ್ದನ್ನು ಹೇಳಿದರು. ಬೇರಿಂಗ್ ಸಡಿಲಾಗಿದೆ ಎಂದರು, ಪಿಸ್ಟನ್ ಗೋಡೆಗೆ ತಾಕುತ್ತಿದೆ ಎಂದರು. ಬಲ್ಲವರು ಇನ್ನೊಂದು ಕಾರಣ ಕೊಟ್ಟರು: ಒಳಗೆ ಕಟ್ಟಿದ ಮಸಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಬೆಂಕಿ ಹತ್ತಿಕೊಳ್ಳುತ್ತದೆ, ಮೇಲೆ ಏರುತ್ತಿರುವ ಪಿಸ್ಟನ್ನಿಗೆ ಆ ಬೆಂಕಿ ಎದುರು ಬಂದು ಗುದ್ದುತ್ತದೆ. ಈ ಮಾತು ಕೇಳಲು ಎಷ್ಟು ಸರಿಯಾಗಿತ್ತೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕು ಎಂದು ಹೆಚ್ಚಿನವರಿಗೆ ಅನ್ನಿಸಲೇ ಇಲ್ಲ.

1916ರಲ್ಲಿ ಥಾಮಸ್ ಮಿಜ್ಲಿ ಎಂಬ 27ರ ಯುವಕ ಕೆಟರಿಂಗನ ಬಳಿ ಕೆಲಸಕ್ಕೆ ಸೇರಿದ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ರಸಾಯನಶಾಸ್ತ್ರ ಅವನ ವಿಷಯವಲ್ಲ. ಕೊಟ್ಟ ಮೊದಲ ಕೆಲಸ ಮುಗಿಸಿ, ಮುಂದೇನು ಎಂದು ಕೇಳಲು ಬಂದವನಿಗೆ ಕೆಟರಿಂಗ್ ಈ ಬಡಿತವನ್ನು ಒಪ್ಪಿಸಿದ. ಕೆಲವು ದಿನದ ಕೆಲಸ ಎಂದುಕೊಂಡಿದ್ದರೋ ಏನೋ, ಅದು ಐದು ವರ್ಷ ಹಿಡಿಯಿತು.

ಸದ್ದು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಹುಡುಕುತ್ತಿದ್ದರು. ಅದು ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಮಿಜ್ಲಿ ಹುಡುಕಲು ಹೊರಟ. ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಮುಗಿದುಹೋಗುವ ಬೆಂಕಿಯನ್ನು ಹಿಡಿಯಬೇಕಿತ್ತು. ಸಿಲಿಂಡರಿನ ಒತ್ತಡಕ್ಕೆ ಅಲುಗುವ ಪುಟ್ಟ ಕನ್ನಡಿಯೊಂದನ್ನು ಅವನು ಬಳಸಿಕೊಂಡ. ಆ ಕನ್ನಡಿಯ ಮೇಲೆ ಬಿದ್ದ ಬೆಳಕಿನ ಚುಕ್ಕಿ ಒತ್ತಡ ಏರಿದರೆ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಚುಕ್ಕಿಯ ಓಟವನ್ನು ಬರೆದಿಡಲು ತಿರುಗುವ ಫಿಲ್ಮ್ ಬೇಕಾಗಿತ್ತು. ಅಂಥ ಯಂತ್ರ ಅಂಗಡಿಯಲ್ಲಿ ಸಿಗುವಂಥದಲ್ಲ. ಟೊಮೆಟೊ ತುಂಬಿ ಮಾರುವ ತಗಡಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಅದರ ಸುತ್ತ ಫಿಲ್ಮ್ ಸುತ್ತಿ ಗಿರಗಿರನೆ ತಿರುಗಿಸಿದ.

ಫಿಲ್ಮ್ ತೊಳೆದು ನೋಡಿದಾಗ ಗುಡ್ಡದಂಥ ಗೆರೆ ಕಾಣಿಸಿತು. ಕಿಡಿ ಹಾರಿತ್ತು, ಬೆಂಕಿ ಹತ್ತಿತ್ತು, ಒತ್ತಡ ನಯವಾಗಿ ಏರಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ, ದಹನ ಇನ್ನೇನು ಮುಗಿಯಬೇಕು ಎನ್ನುವಲ್ಲಿ, ಗೆರೆ ಒಮ್ಮೆಲೇ ಜಿಗಿದು ಮುಳ್ಳಿನಂತೆ ನಡುಗಿತ್ತು. ಬಡಿತ ಅಲ್ಲಿತ್ತು. ಅದು ಕಿಡಿಗಿಂತ ಮೊದಲು ಬಂದಿರಲಿಲ್ಲ, ಕಿಡಿ ಹಾರಿ ಬೆಂಕಿ ಹಬ್ಬಿದ ಮೇಲೆ ಬಂದಿತ್ತು. ತಜ್ಞರ ಊಹೆ ಬಿದ್ದುಹೋಯಿತು, ಕೆಟರಿಂಗನ ಬ್ಯಾಟರಿ ಆರೋಪದಿಂದ ಬಿಡುಗಡೆಯಾಯಿತು, ಬೇರಿಂಗೂ ಪಿಸ್ಟನ್ನೂ ಅದರ ಜೊತೆಗೇ ಪಾರಾದವು. ಬಡಿಯುತ್ತಿದ್ದುದು ಬೆಂಕಿ. ಈ ಇಡೀ ಕತೆಯಲ್ಲಿ ನಿಜವಾದ ತಿರುವು ಆ ಡಬ್ಬಿಯ ಮೇಲಿನ ಗೆರೆಯೇ. ಮುಂದೆ ಸಿಕ್ಕ ಹೆಸರು, ಹಣ, ಪೇಟೆಂಟುಗಳಿಗಿಂತ ಅದು ದೊಡ್ಡದು.

ಆದರೆ ಬೆಂಕಿ ಹಾಗೇಕೆ ಬಡಿಯುತ್ತದೆ?

ಕೆಟರಿಂಗ್ ಮತ್ತು ಮಿಜ್ಲಿ ಕೂತು ತರ್ಕಿಸಿದರು. ಸೀಮೆಎಣ್ಣೆ ಪೆಟ್ರೋಲಿನಂತೆ ಬೇಗ ಆವಿಯಾಗುವುದಿಲ್ಲ, ಹನಿಗಳಾಗಿಯೇ ಉಳಿದು ಒಮ್ಮೆಗೇ ಸಿಡಿಯುತ್ತಿರಬಹುದು ಎಂಬುದು ಅವರ ಊಹೆ. ಹನಿಗಳು ಬೇಗ ಬಿಸಿಯಾಗುವಂತೆ ಮಾಡುವುದು ಹೇಗೆ? ಆಗ ಅವರಿಗೆ ಒಂದು ಕಾಡುಹೂವಿನ ನೆನಪಾಯಿತು. ಟ್ರೇಲಿಂಗ್ ಆರ್ಬ್ಯೂಟಸ್ ಎಂಬ ಆ ನೆಲಬಳ್ಳಿ ವಸಂತದ ಆರಂಭದಲ್ಲೇ, ಹಿಮ ಇನ್ನೂ ಕರಗದಿರುವಾಗಲೇ ಹೂ ಬಿಡುತ್ತಿತ್ತು. ಅದರ ಎಲೆಯ ಬೆನ್ನು ಕೆಂಪಗಿತ್ತು. ಕೆಂಪು ಬಣ್ಣ ಶಾಖವನ್ನು ಹೀರಿಕೊಳ್ಳುವುದರಿಂದಲೇ ಆ ಗಿಡಕ್ಕೆ ಚಳಿ ತಡೆಯುವ ಶಕ್ತಿ ಬಂದಿದೆಯೇ? ಹಾಗಿದ್ದರೆ ಸೀಮೆಎಣ್ಣೆಗೂ ಕೆಂಪು ಬಣ್ಣ ಕಲಸಿದರೆ?

ಅಂದು ಶನಿವಾರ. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಬೇಕೆಂದು ಮಿಜ್ಲಿ ಪ್ರಯೋಗಶಾಲೆಯ ಉಗ್ರಾಣಕ್ಕೆ ಓಡಿದ. ಬಣ್ಣ ಇರಲಿಲ್ಲ. ಅಲ್ಲಿದ್ದವರೊಬ್ಬರು ಅಯೋಡಿನ್ ಹಾಕಿ ನೋಡು, ಅದೂ ಎಣ್ಣೆಯಲ್ಲಿ ಕರಗುತ್ತದೆ, ಬಣ್ಣವೂ ಬರುತ್ತದೆ ಎಂದರು. ಮಿಜ್ಲಿ ಬಾಟಲಿ ತಂದು ಸೀಮೆಎಣ್ಣೆಗೆ ಸುರಿದ. ಎಂಜಿನ್ ಎಬ್ಬಿಸಿದ. ಬಡಿತ ನಿಂತುಹೋಯಿತು.

ಕುಣಿದಾಡುವ ಗಳಿಗೆ ಅದು. ಹೂವಿನ ಊಹೆ ಫಲಿಸಿತು ಎಂದೇ ತಿಳಿದ ಮಿಜ್ಲಿ ಪೇಟೆಯಲ್ಲಿ ಸಿಕ್ಕ ಕೆಂಪು ಬಣ್ಣಗಳನ್ನೆಲ್ಲ ತರಿಸಿ ಒಂದೊಂದಾಗಿ ಕಲಸಿ ನೋಡಿದ. ಎಣ್ಣೆ ಕೆಂಪಾಯಿತು, ಎಂಜಿನ್ ಮೊದಲಿನಂತೆಯೇ ಬಡಿದುಕೊಂಡಿತು. ಒಂದಕ್ಕೂ ಬಡಿತ ಬಗ್ಗಲಿಲ್ಲ. ಆಗ ಅವನು ತಿರುಗುಮುರುಗು ಯೋಚಿಸಿದ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತವೊಂದನ್ನು ಹಾಕಿದ. ಎಣ್ಣೆ ನೀರಿನಂತೆ ತಿಳಿಯಾಗಿಯೇ ಇತ್ತು, ಬಡಿತ ಮಾತ್ರ ಅಡಗಿತು. ಬಣ್ಣಕ್ಕೂ ಬಡಿತಕ್ಕೂ ಸಂಬಂಧವೇ ಇರಲಿಲ್ಲ. ಊಹೆ ಪೂರ್ತಿ ತಪ್ಪಾಗಿತ್ತು, ಆ ತಪ್ಪು ದಾರಿಯಲ್ಲಿ ಎಡವಿದ ಕಲ್ಲೇ ಚಿನ್ನವಾಗಿತ್ತು. ಉಗ್ರಾಣದಲ್ಲಿ ಅಂದು ಕೆಂಪು ಬಣ್ಣ ಇದ್ದಿದ್ದರೆ, ಚಿಟಿಕೆಯಷ್ಟು ರಾಸಾಯನಿಕ ಬೆಂಕಿಯ ಗುಣವನ್ನೇ ಬದಲಿಸಬಲ್ಲದೆಂಬ ಸಂಗತಿ ಇನ್ನೆಷ್ಟು ವರ್ಷ ಬಚ್ಚಿಟ್ಟುಕೊಂಡಿರುತ್ತಿತ್ತೋ.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ಅದಕ್ಕೆ ಬದಲಿ ಹುಡುಕುತ್ತ ವರ್ಷಗಳು ಕಳೆದವು. 1919ರಲ್ಲಿ ಅನಿಲೀನ್ ಸಿಕ್ಕಿತು, ಅದರ ನಾತ ಯಾರಿಗೂ ಬೇಡವಾಯಿತು. ಸೆಲೆನಿಯಮ್, ಟೆಲ್ಯೂರಿಯಮ್‌ಗಳ ಸಂಯುಕ್ತಗಳು ಬಡಿತವನ್ನು ಇನ್ನೂ ಚೆನ್ನಾಗಿ ಅಡಗಿಸಿದವು, ಆದರೆ ಬೆಳ್ಳುಳ್ಳಿ ಕೊಳೆತಂಥ ಅವುಗಳ ದುರ್ವಾಸನೆ ಬಟ್ಟೆಗೆ, ಚರ್ಮಕ್ಕೆ ಅಂಟಿದರೆ ತೊಳೆದರೂ ಹೋಗುತ್ತಿರಲಿಲ್ಲ. ಕೊನೆಗೆ 1921ರ ಡಿಸೆಂಬರ್ 9ರಂದು ಸೀಸದ ಸಂಯುಕ್ತವೊಂದು ಪರೀಕ್ಷೆಯ ಎಂಜಿನ್ನನ್ನು ಸುಮ್ಮನಾಗಿಸಿತು. ಅದೇ ಟೆಟ್ರಾಈಥೈಲ್ ಲೆಡ್. ಅದರ ಮುಂದಿನ ಕತೆ ಸಂತೋಷದ್ದಲ್ಲ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಅದರ ವಿಷಕ್ಕೆ ಐವರು ಕಾರ್ಮಿಕರು ಬಲಿಯಾದರು. ಮಿಜ್ಲಿಯ ಮೈಗೂ ಸೀಸ ಏರಿತ್ತು. ಆದರೂ ಸೀಸದ ಪೆಟ್ರೋಲ್ ಜಗತ್ತಿನ ರಸ್ತೆಗಳ ಮೇಲೆಲ್ಲ ಹೊಗೆಯಾಯಿತು. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ, ಎಲ್ಲ ದೇಶಗಳಿಗಿಂತ ಕೊನೆಗೆ ಅಲ್ಜೀರಿಯದಲ್ಲಿ 2021ರಲ್ಲಿ. ಬಡಿತದ ಗಳಿಗೆಯನ್ನು ಅಷ್ಟು ತಾಳ್ಮೆಯಿಂದ ಹುಡುಕಿದವರು ಮದ್ದಿನ ವಿಷವನ್ನು ಅದೇ ತಾಳ್ಮೆಯಿಂದ ನೋಡಲಿಲ್ಲ. ಆ ತಪ್ಪನ್ನು ಮಕ್ಕಳ ರಕ್ತ ಹೊತ್ತುಕೊಂಡಿತು.

ಬೆಂಕಿ ಬಡಿಯುವುದೇಕೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ಬೇರೆ ಕಡೆಯಿಂದ ಬಿಡಿಸುತ್ತಿದ್ದ. ಕೇಂಬ್ರಿಜ್‌ನಲ್ಲಿ ಓದುವಾಗಲೇ ಅವನಿಗೆ ಈ ಬಡಿತದ ಹುಚ್ಚು ಹಿಡಿದಿತ್ತು. ಅವನ ತೀರ್ಮಾನ ಸರಳವಾಗಿತ್ತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯ ಬಳಿಯಿಂದ ಬೆಂಕಿ ಹಬ್ಬುತ್ತ ಬರುವಾಗ, ದೂರದ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ ತಾನಾಗಿಯೇ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಆಘಾತವೇ ಬಡಿತ. ಬೋರ್ನಿಯೊದ ಕಾಡಿನಲ್ಲಿ ಬೇಡವೆಂದು ಸುಟ್ಟುಹಾಕುತ್ತಿದ್ದ ಪೆಟ್ರೋಲನ್ನು ತರಿಸಿ ನೋಡಿದಾಗ, ಅದು ಉಳಿದವುಗಳಿಗಿಂತ ಚೆನ್ನಾಗಿ ಬಡಿತವನ್ನು ತಡೆಯುತ್ತಿದ್ದುದನ್ನು ಅವನು ಕಂಡಿದ್ದ.

ಇಲ್ಲಿಗೆ ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಡೀಸೆಲ್ ಹೊಲಕ್ಕಿಳಿಯಿತು.

ರುಡಾಲ್ಫ್ ಡೀಸೆಲ್‌ನ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ, ಅದರೊಳಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. 1893ರ ಆಗಸ್ಟ್ 10ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅವನ ಯಂತ್ರದೊಳಗೆ ಮೊದಲ ಬಾರಿ ಬೆಂಕಿ ಹತ್ತಿದಾಗ, ಒತ್ತಡ ಅಳೆಯುವ ಉಪಕರಣವೇ ಸಿಡಿದು ಚೂರಾಗಿತ್ತು. ಮೊದಮೊದಲ ಡೀಸೆಲ್ ಎಂಜಿನ್ನುಗಳು ಎಣ್ಣೆಯನ್ನು ಒತ್ತಿದ ಗಾಳಿಯಿಂದ ಊದುತ್ತಿದ್ದವು. ಮನೆಯಷ್ಟು ಎತ್ತರದ ಆ ಯಂತ್ರಗಳು ಹಡಗು, ಕಾರ್ಖಾನೆಗಳಿಗೆ ಸರಿಯಾಗಿದ್ದವು. 1920ರ ದಶಕದಲ್ಲಿ ಎಣ್ಣೆಯನ್ನು ನೇರವಾಗಿ ಒತ್ತುವ ಚಿಕ್ಕ ಪಂಪುಗಳು ಬಂದವು, ಬಾಷ್ ಕಂಪನಿ 1927ರಲ್ಲಿ ಅವುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿತು. ಬೆನ್ಜ್-ಸೆಂಡ್ಲಿಂಗ್ ಎಂಬ ಜರ್ಮನ್ ಟ್ರ್ಯಾಕ್ಟರು ಡೀಸೆಲನ್ನು ಆಗಲೇ ನೇಗಿಲಿಗೆ ಹೂಡಿತ್ತು. 1931ರಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ತನ್ನ ಡೀಸೆಲ್ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಚಿಕ್ಕದಾದ ಡೀಸೆಲ್ ಎಂಜಿನ್ನು ಬಡಿತವನ್ನೂ ಜೊತೆಗೆ ತಂದಿತು. ಚಳಿಯ ಮುಂಜಾವಿನಲ್ಲಂತೂ ಮುರಿದೇ ಹೋಗುತ್ತದೆ ಎನ್ನುವಷ್ಟು.

ಪೆಟ್ರೋಲಿಗೆ ಕೊಟ್ಟ ಮದ್ದು ಇಲ್ಲಿ ತಿರುಗಿಬಿತ್ತು. ಸೀಸ ಹಾಕಿದರೆ ಡೀಸೆಲ್ ಬಡಿತ ಇಳಿಯುವ ಬದಲು ಏರುತ್ತಿತ್ತು. ಡೇಟನ್ನಿನಲ್ಲಿ ಎಲ್ಲರ ಶಾಪಕ್ಕೆ ಗುರಿಯಾಗಿದ್ದ ಸೀಮೆಎಣ್ಣೆಯಂಥ ಇಂಧನವೇ ಇಲ್ಲಿ ಹೆಚ್ಚು ಮೆತ್ತಗೆ ಉರಿಯುತ್ತಿತ್ತು. ಮತ್ತೆ ಅದೇ ಹಳೆಯ ಪ್ರಶ್ನೆ ಕೇಳಬೇಕಾಯಿತು: ಸದ್ದು ಯಾವ ಗಳಿಗೆಯಲ್ಲಿ?

ಒತ್ತಡದ ಗೆರೆಗಳನ್ನು ರಿಕಾರ್ಡೊ ಮತ್ತೆ ಬಿಡಿಸಿ ಕೂತ. ಡೀಸೆಲ್ ಎಂಜಿನ್ನಿನ ಮುಳ್ಳು ಗುಡ್ಡದ ಇನ್ನೊಂದು ಬದಿಯಲ್ಲಿತ್ತು. ಬೆಂಕಿಯ ಕೊನೆಯಲ್ಲಿರದೆ ಅದು ಮೊದಲಲ್ಲೇ ಇತ್ತು. ಎಣ್ಣೆ ಚಿಮ್ಮಿದ ಕೂಡಲೇ ಬೆಂಕಿ ಹತ್ತುತ್ತದೆ ಎಂದು ತಿಳಿದಿದ್ದೇ ತಪ್ಪಾಗಿತ್ತು. ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು, ಕಾದು ಹೊತ್ತಿಕೊಳ್ಳಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಬೇಕಾಗುತ್ತಿತ್ತು. ನಿಮಿಷಕ್ಕೆ 1000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ 6 ಡಿಗ್ರಿ ಮುಂದೆ ಹೋಗಿರುತ್ತದೆ. ಪಂಪು ಅಲ್ಲಿಯವರೆಗೂ ಎಣ್ಣೆ ಸುರಿಯುತ್ತಲೇ ಇರುತ್ತದೆ. ಹೊತ್ತಿಕೊಂಡಾಗ, ಸೇರಿದ್ದೆಲ್ಲ ಒಂದೇ ಏಟಿಗೆ ಹೊತ್ತಿಕೊಳ್ಳುತ್ತದೆ. ತಡ ಹೆಚ್ಚಿದಷ್ಟೂ ಕೂಡಿದ ಎಣ್ಣೆ ಹೆಚ್ಚು, ಏಟು ಜೋರು.

ಯಾವ ಡೀಸೆಲ್ ಎಷ್ಟು ತಡ ಮಾಡುತ್ತದೆ ಎಂದು ಅಳೆಯಲು ಒಂದು ಗಜಕಡ್ಡಿ ಬೇಕಾಯಿತು. ಅದನ್ನು 1930ರ ದಶಕದ ಆರಂಭದಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿದ್ದ ಶೆಲ್ ಪ್ರಯೋಗಶಾಲೆಯ ಬೋರ್ಲಾಖ್ ಮತ್ತು ಬ್ರೂಜ಼ ಕೊಟ್ಟರು. ತೀರ ಕಡಿಮೆ ತಡ ಮಾಡಿ ಹೊತ್ತಿಕೊಳ್ಳುವ ಸಿಟೀನ್ ಎಂಬ ದ್ರವವನ್ನು ಅವರು ಅಳತೆಗೆ ಆರಿಸಿಕೊಂಡರು. ಮುಂದೆ ಅದರ ಜಾಗಕ್ಕೆ ಸಿಟೇನ್ ಬಂತು. ಲ್ಯಾಟಿನ್ನಿನಲ್ಲಿ ಸೀಟಸ್ ಎಂದರೆ ತಿಮಿಂಗಿಲ. 1817ರಲ್ಲಿ ಫ್ರಾನ್ಸಿನ ಶೆವ್ರೂಲ್ ತಿಮಿಂಗಿಲದ ತಲೆಯ ಮೇಣದಿಂದ ಬೇರ್ಪಡಿಸಿದ ವಸ್ತುವಿನ ಕಡೆಯಿಂದ ಬಂದ ಹೆಸರದು. ಇಂದು ಭಾರತದ ಬಿಎಸ್-6 ಡೀಸೆಲ್‌ಗೆ ಈ ಅಳತೆಯಲ್ಲಿ ಕನಿಷ್ಠ 51 ಸಿಟೇನ್ ಅಂಕ ಇರಬೇಕೆಂಬ ನಿಯಮವಿದೆ. ಕಡಲ ಮೀನಂಥ ಆ ದೈತ್ಯನ ಹೆಸರು ಎರೆಹೊಲದ ಟ್ರ್ಯಾಕ್ಟರಿನ ಟ್ಯಾಂಕಿನವರೆಗೂ ಬಂದು ತಲುಪಿದ ದಾರಿ ಇದು.

ಗದಗ ಸೀಮೆಯ ಅಂಗಳದಲ್ಲಿ ಮಿಸ್ತ್ರಿ ಕಣ್ಣು ತೆರೆದ. ಸ್ಕ್ರೂಡ್ರೈವರ್ ಕೆಳಗಿಟ್ಟು ಪಾನಾ ಕೈಗೆತ್ತಿಕೊಂಡ. ಎಂಜಿನ್ ಓಡುತ್ತಿರುವಾಗಲೇ, ಕೈ ಮುಖ ದೂರವಿಟ್ಟು, ಒಂದನೆಯ ನೋಜಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಅರೆಸುತ್ತು ಸಡಿಲಿಸಿದ. ಆ ಸಿಲಿಂಡರ್ ಸತ್ತಿತು, ಎಂಜಿನ್ ಕುಂಟಿತು, ಬಡಿತ ನಿಲ್ಲಲಿಲ್ಲ. ಬಿಗಿದು ಎರಡನೆಯದನ್ನು ಸಡಿಲಿಸಿದ. ಬಡಿತ ತಟ್ಟನೆ ನಿಂತಿತು. ಬಿಗಿದ, ಮರಳಿ ಬಂತು.

"ಸಿಕ್ತಲ್ಲ!" ಎಂದರು ಗೌಡರು.

"ಅರ್ಧಾ ಸಿಕ್ಕೈತ್ರಿ," ಎಂದ ಮಿಸ್ತ್ರಿ. ಬೇರಿಂಗ್ ಕೆಟ್ಟಿದ್ದರೂ ಇಲ್ಲಿಯವರೆಗೆ ಹೀಗೇ ಕೇಳಿಸುತ್ತಿತ್ತು. ಬೆಂಕಿಯ ಹೊರೆ ತಪ್ಪಿದರೆ ಸಡಿಲ ಕಬ್ಬಿಣವೂ ಸುಮ್ಮನಾಗುತ್ತದೆ. ಅವನು ಎಂಜಿನ್ ನಿಲ್ಲಿಸಿ ಎರಡನೆಯ ಮತ್ತು ಮೂರನೆಯ ನೋಜಲ್ ಬಿಚ್ಚಿದ. ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ ಹಾಕಿ, ತಾಮ್ರದ ವಾಷರ್ ಹೊಸದು ಕೂರಿಸಿ, ಪೈಪಿನ ಗಾಳಿ ತೆಗೆದು ಮತ್ತೆ ಎಬ್ಬಿಸಿದ. ಗೌಡರು ಉಸಿರು ಬಿಗಿಹಿಡಿದು ನಿಂತರು. ಟಣ್ ಟಣ್ ಟಣ್. ಈಗ ಎರಡನೆಯದನ್ನು ಸಡಿಲಿಸಿದರೆ ಬಡಿತ ಬಗ್ಗಲಿಲ್ಲ. ಮೂರನೆಯದನ್ನು ಸಡಿಲಿಸಿದಾಗ ಅಡಗಿತು. ಕೆಟ್ಟ ಬೇರಿಂಗ್ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ನಡೆದುಹೋಗುವುದಿಲ್ಲ. ನೋಜಲ್ಲಿನ ಬೆನ್ನು ಹತ್ತಿ ಬಡಿತ ಹೋಗಿತ್ತು.

ಆ ನೋಜಲ್ಲನ್ನು ಪರೀಕ್ಷೆಯ ಕೈಪಂಪಿಗೆ ಕಟ್ಟಿ ಒತ್ತಿದರು. ಸುಮಾರು 200 ಬಾರ್ ಒತ್ತಡ ಬಂದಾಗ ಮಂಜಿನಂತೆ ಸಿಡಿಯಬೇಕಾಗಿದ್ದ ಡೀಸೆಲ್, ಒತ್ತಡ ಏರುವ ಮೊದಲೇ ದಪ್ಪ ದಪ್ಪ ಹನಿಯಾಗಿ ಸೋರಿತು. ಒಳಗಿನ ಸೂಜಿ ಅಂಟಿಕೊಂಡಿತ್ತು. ಆ ಸೂಜಿಗೂ ಅದರ ಮನೆಗೂ ಇರುವ ಸಂದು ಕೆಲವೇ ಮೈಕ್ರಾನ್, ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ಎಣ್ಣೆ ಹೊತ್ತಿಗೆ ಮೊದಲೇ ಬೀಳುತ್ತಿತ್ತು, ದಪ್ಪ ಹನಿ ಆವಿಯಾಗಲು ತಡ ಮಾಡುತ್ತಿತ್ತು, ಕೂಡಿಕೊಂಡದ್ದೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತಿತ್ತು. ಡೆಲ್ಫ್ಟ್‌ನಲ್ಲಿ ಅಳೆದ ತಡ, ರಿಕಾರ್ಡೊನ ಗೆರೆಯ ಮೇಲೆ ಮೂಡಿದಂಥದೇ ಮುಳ್ಳು.

ಸೂಜಿ ಅಂಟಿದ್ದೇಕೆಂದು ಹುಡುಕುತ್ತ ಮಿಸ್ತ್ರಿ ಹಿತ್ತಲಿಗೆ ಹೋದ. ಅಲ್ಲಿ ಡೀಸೆಲ್ ಕೂಡಿಡುವ ಹಳೆಯ ಡ್ರಮ್ ಇತ್ತು, ಮುಚ್ಚಳ ಇರಲಿಲ್ಲ. ಕೋಲು ಇಳಿಬಿಟ್ಟು ಎತ್ತಿದ. ತುದಿಗೆ ತುಕ್ಕಿನ ಕೆಸರು, ಅದರ ಮೇಲೆ ನೀರಿನ ಹನಿಗಳು. ಗೌಡರು ಮಾತಾಡಲಿಲ್ಲ.

ಹೊಸ ನೋಜಲ್ ಕೂತಿತು, ಟ್ಯಾಂಕು ತೊಳೆದಾಯಿತು, ಫಿಲ್ಟರ್ ಬದಲಾಯಿತು. ಮರುದಿನ ಬೆಳಗ್ಗೆ ಗಾಡಿ ಎಬ್ಬಿಸಿದಾಗ ಸ್ವಲ್ಪ ಕಟಕಟ ಇದ್ದೇ ಇತ್ತು. ಗೌಡರು ಗಾಬರಿಯಾಗಿ ನೋಡಿದರು.

"ಅದು ಚಳೀದ್ರಿ. ಕಾಯಲಿ, ಹೊಕ್ಕೈತಿ," ಎಂದ ಮಿಸ್ತ್ರಿ. "ಡ್ರಮ್ಮಿಗಿ ಒಂದು ಮುಚ್ಚಳ ಮಾಡಸ್ರಿ, ಜಾಳಿಗಿ ಹಿಡದು ಸೋಸಿ ಹಾಕ್ರಿ."

ಸಿಲಿಂಡರಿನ ಗೋಡೆ ಕಾದಂತೆ ಬೆಂಕಿ ತಡ ಮಾಡುವುದನ್ನು ಬಿಟ್ಟಿತು. ಐದು ನಿಮಿಷದಲ್ಲಿ ಕಟಕಟ ಕರಗಿ ಒಂದೇ ಸಮನೆಯ ಗುಡುಗುಡು ಉಳಿಯಿತು. ಟ್ರ್ಯಾಕ್ಟರ್ ಹೊಲದ ದಾರಿ ಹಿಡಿಯಿತು.